ಶಾಲೆಯ ಹಿತ್ತಲಿನ ಒಂದು ಗುಂಟೆ

(ನಮ್ಮ ಬಳಗದ ಮಳೆಗಾಲದ ಸಭೆಯಲ್ಲಿ ಶಿಕ್ಷಕರು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಹೊರಗೆ ಸುರಿಯುತ್ತಿರುವ ಮಳೆಯನ್ನೂ ಲೆಕ್ಕಿಸದೆ ಇಷ್ಟು ಜನ ಬಂದಿದ್ದೀರಿ. ಹಂಚಿನ ಮೇಲಿನ ಸದ್ದಿಗೆ ನನ್ನ ದನಿ ಕೇಳಿಸದಿದ್ದರೆ ದಯವಿಟ್ಟು ಕೈಯೆತ್ತಿ ಹೇಳಬೇಕು. ಶಾಲಾ ಕೈತೋಟದ ಬಗ್ಗೆ ಮಾತನಾಡಬೇಕೆಂದು ಬಳಗದವರು ಕೇಳಿದಾಗ ನಾನು ಒಪ್ಪಿಕೊಳ್ಳಲು ಸ್ವಲ್ಪ ಹಿಂಜರಿದೆ. ಕೃಷಿ ವಿಜ್ಞಾನದಲ್ಲಿ ಪದವಿ ಪಡೆದವರು ಶಾಲೆಗೆ ಹೋದರೆ ಸಾಲಿನ ಅಂತರ, ಗೊಬ್ಬರದ ಪ್ರಮಾಣ, ರೋಗ ನಿಯಂತ್ರಣ ಎಂದು ಪಾಠ ಒಪ್ಪಿಸಿ ಬರುವುದೇ ವಾಡಿಕೆ. ನಾನೂ ಹಾಗೆಯೇ ಮಾಡಿದವನು. ಆದ್ದರಿಂದ ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ.

2011ರ ಮಳೆಗಾಲದಲ್ಲಿ ನಮ್ಮೂರಿನ ಸಮೀಪದ ಒಂದು ಹಿರಿಯ ಪ್ರಾಥಮಿಕ ಶಾಲೆಯ ಹಿಂಬದಿಯಲ್ಲಿ ಸುಮಾರು ಒಂದು ಗುಂಟೆ ಜಾಗವನ್ನು ಮಡಿಗಳಾಗಿ ವಿಂಗಡಿಸಿ, ಐವರು ಮಕ್ಕಳಿಗೆ ಒಂದು ಮಡಿಯಂತೆ ಹಂಚಿಕೊಟ್ಟೆ. ಪೇಟೆಯಿಂದ ಹೈಬ್ರಿಡ್ ಬೀಜದ ಪೊಟ್ಟಣಗಳನ್ನು ತಂದೆ. ಗೋಡೆಗೆ ಒಂದು ಪಟ್ಟಿ ತೂಗುಹಾಕಿ, ಅತ್ಯಂತ ಹೆಚ್ಚು ತೂಕದ ಬೆಳೆ ತೆಗೆದ ತಂಡಕ್ಕೆ ಬಹುಮಾನವೆಂದು ಘೋಷಿಸಿದೆ. ನನ್ನ ಮನಸ್ಸಿನಲ್ಲಿದ್ದುದು ಸಂಶೋಧನಾ ಕ್ಷೇತ್ರದ ಪ್ರಯೋಗದ ತಾಕು. ಮಕ್ಕಳೆಂದರೆ ಅದನ್ನು ನೋಡಿಕೊಳ್ಳುವ ಸಹಾಯಕರು. ಆಗಸ್ಟ್ ತಿಂಗಳ ಒಂದು ಸೋಮವಾರ ಹೋಗಿ ನೋಡಿದರೆ ಒಂದು ಮಡಿಯ ಹರಿವೆ ಪೂರ್ತಿ ಸುಟ್ಟುಹೋಗಿತ್ತು. ಐದನೆಯ ತರಗತಿಯ ಹುಡುಗನೊಬ್ಬ ಮನೆಯಿಂದ ಯೂರಿಯಾ ತಂದು, ಶನಿವಾರ ಎಲ್ಲರೂ ಹೋದ ಮೇಲೆ ಬುಡಕ್ಕೆ ಮುಷ್ಟಿಗಟ್ಟಲೆ ಸುರಿದಿದ್ದ. ಶೇಕಡಾ 46ರಷ್ಟು ಸಾರಜನಕವಿರುವ ಗೊಬ್ಬರವನ್ನು ಎಳೆಯ ಗಿಡದ ಬುಡಕ್ಕೆ ಹಾಗೆ ಸುರಿದರೆ ಅದು ಮಣ್ಣಿನಲ್ಲಿ ಅಮೋನಿಯವಾಗಿ ಒಡೆದು ಬೇರನ್ನೇ ಸುಡುತ್ತದೆ. ಹುಡುಗ ಮೂಲೆಯಲ್ಲಿ ನಿಂತು ಅಳುತ್ತಿದ್ದ. ಅವನ ತಂಡದ ಉಳಿದ ನಾಲ್ವರು ಅವನೊಡನೆ ಮಾತು ಬಿಟ್ಟಿದ್ದರು. ನಾನು ಅವನಿಗೆ ಯೂರಿಯಾದ ರಸಾಯನಶಾಸ್ತ್ರ ವಿವರಿಸಿದೆ. ಇಂದು ನೆನೆದರೆ ನಾಚಿಕೆಯಾಗುತ್ತದೆ. ತೂಕಕ್ಕೆ ಬಹುಮಾನವಿಟ್ಟವನು ನಾನು. ಅವನು ಮಾಡಿದ್ದು ನಮ್ಮ ರೈತರು, ನಮ್ಮ ವಿಜ್ಞಾನಿಗಳು ಐವತ್ತು ವರ್ಷ ಮಾಡಿದ್ದನ್ನೇ, ಎರಡೇ ದಿನಗಳಲ್ಲಿ.

ಆ ಪಟ್ಟಿಯನ್ನು ಮರುದಿನವೇ ಕಿತ್ತುಹಾಕಿದೆ.

ಶಾಲಾ ಕೈತೋಟದ ಬಗ್ಗೆ ಹೊರದೇಶಗಳಿಂದ ಬರುವ ಬರಹಗಳನ್ನು ನೀವೂ ಓದಿರಬಹುದು. ಅಮೆರಿಕದ ಬರ್ಕ್ಲಿ ನಗರದಲ್ಲಿ 1995ರಲ್ಲಿ ಆಲಿಸ್ ವಾಟರ್ಸ್ ಎಂಬ ಅಡುಗೆ ತಜ್ಞೆ ಆರಂಭಿಸಿದ ಶಾಲಾ ತೋಟ ಪ್ರಸಿದ್ಧವಾದುದು. ಅಲ್ಲಿನ ಮಕ್ಕಳಿಗೆ ಆಹಾರ ಎಲ್ಲಿಂದ ಬರುತ್ತದೆಂಬುದನ್ನು ಕಲಿಸಬೇಕಾಗಿತ್ತು. ಬೆಂಗಳೂರಿನ ಬಡಾವಣೆಯ ಮಕ್ಕಳಿಗೂ ಅದು ಅಗತ್ಯವೆನ್ನೋಣ. ಆದರೆ ನಮ್ಮ ಮಲೆನಾಡಿನ ಮಕ್ಕಳ ಸ್ಥಿತಿ ಬೇರೆ. ಕವಳಿ, ನೇರಳೆ, ಬಿಕ್ಕೆ, ಮುರುಗಲು ಹಣ್ಣುಗಳು ಯಾವ ಬ್ಯಾಣದಲ್ಲಿ ಯಾವ ವಾರ ಹಣ್ಣಾಗುತ್ತವೆಂದು ಅವರಿಗೆ ಗೊತ್ತು. ಯಾವ ಕೆಸು ಪತ್ರೊಡೆಗೆ, ಯಾವುದು ಬರಿದೇ ತುರಿಸುವಂಥದ್ದು ಎಂದು ಅವರು ನನಗಿಂತ ಚೆನ್ನಾಗಿ ಬಲ್ಲರು. ಒಮ್ಮೆ ನಾಲ್ಕನೆಯ ತರಗತಿಯಲ್ಲಿ ‘ನಿಮಗೆ ಗೊತ್ತಿರುವ ಹತ್ತು ತರಕಾರಿಗಳ ಹೆಸರು ಬರೆಯಿರಿ’ ಎಂದೆ. ಎಲೆಕೋಸು, ಹೂಕೋಸು, ಗಜ್ಜರಿ, ಬೀಟ್‌ರೂಟ್ ಎಂದು ಎಲ್ಲರೂ ಬರೆದರು. ಇವುಗಳಲ್ಲಿ ಒಂದನ್ನೂ ನಮ್ಮ ಊರಿನಲ್ಲಿ ಮಳೆಗಾಲದಲ್ಲಿ ಬೆಳೆಯಲಾಗದು. ಬಸಳೆ, ಕೆಸು, ಒಂದೆಲಗ, ಚಗಟೆ ಸೊಪ್ಪು, ಕಳಲೆ ಯಾರ ಪಟ್ಟಿಯಲ್ಲೂ ಇರಲಿಲ್ಲ. ಏಕೆಂದು ಕೇಳಿದಾಗ ಒಬ್ಬಳು ಹೇಳಿದಳು: ‘ಅದು ಮನೇಲಿ ತಿನ್ನೋದು ಸರ್, ಪುಸ್ತಕದ್ದಲ್ಲ.’

ಆ ಮಗುವಿಗೆ ತಿಳಿವಳಿಕೆ ಇಲ್ಲವೆಂದಲ್ಲ. ಅದನ್ನು ಶಾಲೆಯ ಬಾಗಿಲಿನ ಹೊರಗೆ ಚಪ್ಪಲಿಯೊಡನೆ ಬಿಟ್ಟುಬರಬೇಕೆಂದು ಅವಳು ಆಗಲೇ ಕಲಿತಿದ್ದಳು. ಹಾಗಾಗಿ ನಮ್ಮಲ್ಲಿ ಕೈತೋಟ ಮಾಡಬೇಕಾದ ಮೊದಲ ಕೆಲಸ ಹೊಸದನ್ನು ಕಲಿಸುವುದಲ್ಲ, ಮನೆಯದನ್ನು ಒಳಗೆ ಬಿಟ್ಟುಕೊಳ್ಳುವುದು. ಮರುವರ್ಷ ನಾನು ಪೇಟೆಯ ಬೀಜ ತರಲಿಲ್ಲ. ಪ್ರತಿ ಮಗುವೂ ಅಜ್ಜಿಯ ಬಳಿಯೋ ನೆರೆಮನೆಯಲ್ಲಿಯೋ ಕೇಳಿ ಒಂದು ಬೀಜವನ್ನೋ ಗೆಡ್ಡೆಯನ್ನೋ ಬಳ್ಳಿಯ ತುಂಡನ್ನೋ ತರಬೇಕು, ಅದರ ಹೆಸರನ್ನೂ ಅದು ಯಾರಿಂದ ಬಂತೆಂಬುದನ್ನೂ ಬರೆದಿಡಬೇಕು ಎಂದೆ. ಬೂದಿಯಲ್ಲಿ ಹೊರಳಿಸಿದ ಅಲಸಂದೆ, ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿದ್ದ ಸೌತೆ ಮತ್ತು ಕುಂಬಳದ ಬೀಜಗಳು ಬಂದವು. ಆ ಸಗಣಿಯ ಬಿಲ್ಲೆಗಳನ್ನು ನೋಡಿ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೆಂದು ನನಗೆ ಅನ್ನಿಸಲಿಲ್ಲ.

ಈಗ ತೋಟದಲ್ಲಿ ಏನನ್ನು ನೋಡಬಹುದೆಂಬ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ದೀರ್ಘವಾಗಿ ಮಾತನಾಡಿದರೆ ಕ್ಷಮಿಸಬೇಕು, ಇದು ನನ್ನ ಪ್ರೀತಿಯ ಭಾಗ.

ಅಲಸಂದೆ ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣಿನ ಸಮೇತ ಅಗೆದು, ಬಕೆಟ್ಟಿನ ನೀರಿನಲ್ಲಿ ನಿಧಾನವಾಗಿ ತೊಳೆಯಿರಿ. ಎಳೆದು ಕಿತ್ತರೆ ಗಂಟುಗಳು ಮಣ್ಣಿನಲ್ಲಿಯೇ ಉಳಿಯುತ್ತವೆ. ಬೇರಿನ ಮೇಲೆ ಸಾಸಿವೆಯಿಂದ ಕಡಲೆಯವರೆಗಿನ ಗಾತ್ರದ ಗಂಟುಗಳು ಕಾಣುತ್ತವೆ. ಅವುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆಂದು ಪುಸ್ತಕದಲ್ಲಿದೆ. ಆದರೆ ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ಮಾಂಸದಂತಹ ನಸುಗೆಂಪು. ಕೆಂಪಿದ್ದರೆ ಆ ಗಂಟು ಕೆಲಸ ಮಾಡುತ್ತಿದೆ. ಹಸಿರು ಅಥವಾ ಕಂದು ಬಣ್ಣವಿದ್ದರೆ ಅದರ ಕೆಲಸ ಮುಗಿದಿದೆ. ಆ ಕೆಂಪು ಬಣ್ಣಕ್ಕೆ ಕಾರಣ ಕಬ್ಬಿಣವನ್ನು ಹೊತ್ತ ಒಂದು ಪ್ರೋಟೀನು. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ. ಎರಡೂ ಮಾಡುವ ಕೆಲಸ ಆಮ್ಲಜನಕವನ್ನು ಹಿಡಿದು ಬೇಕಾದಲ್ಲಿ ಬಿಡುವುದು. ಇದನ್ನು ಹೇಳಿದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಗೆಳತಿಗೆ ತೋರಿಸಿದಳು. ಆರೋಗ್ಯ ತಪಾಸಣೆಗೆ ಬಂದ ವೈದ್ಯರು ಹಾಗೆ ನೋಡಿ ‘ಬಿಳಿಚಿಕೊಂಡಿದೆ’ ಎಂದು ಅವಳಿಗೆ ಮಾತ್ರೆ ಕೊಟ್ಟಿದ್ದರಂತೆ. ‘ನನ್ನ ಗಂಟು ಕೆಲಸ ಮಾಡ್ತಾ ಇಲ್ಲ’ ಎಂದಳು. ಎಲ್ಲರೂ ನಕ್ಕರು, ನಾನು ನಗಲಾಗಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಸಿರು ಮಲೆನಾಡಿನಲ್ಲಿದ್ದೇವೆಂಬ ಮಾತ್ರಕ್ಕೆ ನಮ್ಮ ಮಕ್ಕಳು ಇದರಿಂದ ಹೊರಗಿಲ್ಲ. ಅಂದು ಅಲಸಂದೆಯ ಪಾಠ ಸೊಪ್ಪು, ಬೇಳೆ, ನೆಲ್ಲಿಕಾಯಿಯ ಪಾಠವಾಯಿತು. ಸೊಪ್ಪಿನಲ್ಲಿ ಕಬ್ಬಿಣವಿದ್ದರೂ ದೇಹ ಅದನ್ನು ಹೀರಿಕೊಳ್ಳುವುದು ಸ್ವಲ್ಪವೇ. ಜೊತೆಗೆ ನೆಲ್ಲಿ, ನಿಂಬೆಯಂತಹ ಸಿ ಜೀವಸತ್ವವಿದ್ದರೆ ಹೀರಿಕೆ ಹೆಚ್ಚುತ್ತದೆ, ಊಟದೊಡನೆ ಚಹಾ ಕುಡಿದರೆ ತಗ್ಗುತ್ತದೆ. ಚಹಾದ ಮಾತು ಮನೆಗಳಿಗೂ ತಲುಪಿತು. ಕೆಲವು ತಾಯಂದಿರು ನನ್ನ ಮೇಲೆ ಸಿಟ್ಟಾದರೆಂದೂ ಕೇಳಿದ್ದೇನೆ!

ಎರಡನೆಯದು ಕುಂಬಳದ ಹೂ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಮೊದಲೇ ಇರುತ್ತದೆ, ಗಂಡು ಹೂವಿಗೆ ಬರಿಯ ತೊಟ್ಟು. ನಾಳೆ ಅರಳಲಿರುವ ಮೂರು ಹೆಣ್ಣು ಮೊಗ್ಗುಗಳನ್ನು ಸಂಜೆಯೇ ಗುರುತಿಸಿ, ಎರಡಕ್ಕೆ ತೆಳುಬಟ್ಟೆಯ ಚೀಲ ಕಟ್ಟಬೇಕು. ಒಂದು ಗಂಡು ಮೊಗ್ಗಿಗೂ ಕಟ್ಟಬೇಕು. ಬೆಳಿಗ್ಗೆ ಒಂದು ಹೆಣ್ಣು ಹೂವಿಗೆ ಆ ಗಂಡು ಹೂವಿನ ಪರಾಗವನ್ನು ಮುಟ್ಟಿಸಿ ಮತ್ತೆ ಚೀಲ ಕಟ್ಟಬೇಕು. ಇನ್ನೊಂದನ್ನು ಮುಚ್ಚಿದಂತೆಯೇ ಬಿಡಬೇಕು. ಮೂರನೆಯದು ತೆರೆದೇ ಇರಲಿ. ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುವುದರಿಂದ ಪ್ರಾರ್ಥನೆಗೆ ಮೊದಲೇ ಈ ಕೆಲಸ ಮುಗಿಯಬೇಕು. ಬೇಗ ಬನ್ನಿರೆಂದು ಹೇಳುವುದು ಮಕ್ಕಳಿಗಲ್ಲ, ನಮಗೆ ಕಷ್ಟ. ವಾರದೊಳಗೆ ಮುಚ್ಚಿದ ಹೂವಿನ ಕಾಯಿ ಹಳದಿಯಾಗಿ ಉದುರುತ್ತದೆ, ಕೈಯಿಂದ ಪರಾಗ ಮುಟ್ಟಿಸಿದ್ದು ಉಬ್ಬುತ್ತದೆ. ತೆರೆದಿಟ್ಟ ಹೂವೇ ನಿಜವಾದ ಪ್ರಶ್ನೆ. ಬಿಡದೆ ಮಳೆ ಸುರಿಯುವ ವಾರದಲ್ಲಿ ಅದೂ ಉದುರುತ್ತದೆ, ಏಕೆಂದರೆ ಜೇನು ಹೊರಬರುವುದಿಲ್ಲ. ಬಿಸಿಲು ಬಿದ್ದ ವಾರದಲ್ಲಿ ನಿಲ್ಲುತ್ತದೆ. ಇಲ್ಲಿಂದ ಮಕ್ಕಳು ತುಡುವೆ ಜೇನಿನ ಕಡೆಗೆ, ಗೋಡೆಯ ಸಂದಿನ ಮಿಸ್ರಿ ಜೇನಿನ ಕಡೆಗೆ ತಾವೇ ಹೋಗುತ್ತಾರೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನುಕುಟುಂಬಗಳು ಅಪಾರ ಸಂಖ್ಯೆಯಲ್ಲಿ ನಾಶವಾದ ಕಥೆಯನ್ನು ಅಜ್ಜಂದಿರಿಂದ ಕೇಳಿ ಬಂದು ನಮಗೆ ಹೇಳಿದವರೂ ಮಕ್ಕಳೇ.

ಕೆಸುವಿನ ತುರಿಕೆಯನ್ನು ಕಣ್ಣಿನಿಂದ ನೋಡಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಜಗತ್ತಿಗೆ ಪರಿಚಯಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕ ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಕೆಸುವಿನ ದಂಟಿನ ರಸವನ್ನು ಅದರಡಿ ಇಟ್ಟರೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳ ಕಟ್ಟು ಕಾಣುತ್ತದೆ. ಹುಣಸೆಯ ಹುಳಿ ಈ ಸೂಜಿಗಳನ್ನು ಕರಗಿಸುತ್ತದೆಂದು ನಾನೂ ಬಹುಕಾಲ ಹೇಳುತ್ತಿದ್ದೆ. ಒಬ್ಬ ಹುಡುಗ ರಸಕ್ಕೆ ಹುಣಸೆ ನೀರು ಬೆರೆಸಿ ನೋಡಿ, ಸೂಜಿಗಳು ಹಾಗೆಯೇ ಇವೆ ಎಂದ. ಅವನದೇ ಸರಿ, ಆ ಲವಣ ಅಂತಹ ದುರ್ಬಲ ಆಮ್ಲದಲ್ಲಿ ಕರಗುವುದು ತೀರ ಕಡಿಮೆ. ಚೆನ್ನಾಗಿ, ಬಹಳ ಹೊತ್ತು ಬೇಯಿಸುವುದರಲ್ಲಿಯೇ ಹೆಚ್ಚಿನ ಗುಟ್ಟಿದೆ. ವಿಜ್ಞಾನಿಯನ್ನು ತಿದ್ದಿದ ಸಂತೋಷದಲ್ಲಿ ಅವನು ಆ ವಾರವೆಲ್ಲ ತಲೆಯೆತ್ತಿ ನಡೆದ.

ಬೇಲಿಯಾಚೆಯೂ ಪಾಠವಿದೆ. ನಮ್ಮ ಅನೇಕ ಶಾಲೆಗಳ ಬೇಲಿಗೆ ಅಡಿಕೆ ತೋಟ ತಾಗಿಕೊಂಡಿರುತ್ತದೆ. ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ಮಿಶ್ರಣ, ಅಂದರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ಇಲ್ಲಿ ಮಕ್ಕಳಿಗೂ ಬಾಯಿಪಾಠ. ತಂದೆ ಆ ದ್ರಾವಣದಲ್ಲಿ ಕತ್ತಿಯ ಅಲಗನ್ನು ಅದ್ದಿ, ಕೆಂಪಗಾದರೆ ಇನ್ನೂ ಸುಣ್ಣ ಬೇಕೆನ್ನುವುದೇಕೆ ಎಂದು ಒಬ್ಬಳು ಕೇಳಿದಳು. ಸುಣ್ಣ ಸಾಲದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಮೊಳೆ ಮತ್ತು ಪ್ರನಾಳದೊಡನೆ ಬರುವ ಪ್ರಯೋಗ ಅವಳ ಅಂಗಳದಲ್ಲಿ ಪ್ರತಿ ಜೂನ್‌ನಲ್ಲಿ ನಡೆಯುತ್ತಿತ್ತು. ಅದರೊಡನೆ ಒಂದು ನಿಯಮವೂ ಬಂತು: ಔಷಧಿ ಹೊಡೆದ ವಾರ ಬೇಲಿಯ ಬದಿಯ ಸೊಪ್ಪು ಕೊಯ್ಯಬಾರದು. ಔಷಧಿ ಹೊಡೆಯುವ ದಿನವನ್ನು ತೋಟದವರು ಮುಂಚಿತವಾಗಿ ಶಾಲೆಗೆ ತಿಳಿಸಬೇಕೆಂದು ಮಕ್ಕಳೇ ಹೋಗಿ ಕೇಳಿದರು. ನಾವು ಹಿರಿಯರು ಕೇಳಿದ್ದರೆ ಅದು ಜಗಳವಾಗುತ್ತಿತ್ತು.

ಇನ್ನು ಅಡುಗೆಮನೆ. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆ ವಿಸ್ತರಿಸಿತು. ಅಧಿಕಾರಿಗಳು ಕೈತೋಟ ನೋಡಲು ಬಂದಾಗಲೆಲ್ಲ ‘ಬಿಸಿಯೂಟಕ್ಕೆ ತರಕಾರಿಯಲ್ಲಿ ಸ್ವಾವಲಂಬನೆ’ ಎಂಬ ಮಾತು ಬರುತ್ತದೆ. ದಯವಿಟ್ಟು ಲೆಕ್ಕ ಮಾಡಿ. ಕಿರಿಯ ಪ್ರಾಥಮಿಕ ಮಗುವೊಂದಕ್ಕೆ ದಿನಕ್ಕೆ 50 ಗ್ರಾಂ ತರಕಾರಿ ಎಂಬುದು ನಿಯಮ. ನಲವತ್ತು ಮಕ್ಕಳಿಗೆ ದಿನಕ್ಕೆ ಎರಡು ಕಿಲೋ, 220 ದಿನಗಳಿಗೆ 440 ಕಿಲೋ. ಮಳೆ, ರಜೆ, ಮಂಗಗಳ ನಡುವೆ ಒಂದು ಗುಂಟೆಯಲ್ಲಿ ಇದರ ಕಾಲು ಭಾಗ ತೆಗೆದರೆ ನಾನು ಆ ಶಿಕ್ಷಕರಿಗೆ ಕೈಮುಗಿಯುತ್ತೇನೆ. ಶಾಲೆಯ ತರಕಾರಿಯ ಖರ್ಚನ್ನು ಉಳಿಸುವುದು ಮಕ್ಕಳ ಹೊಣೆಯಲ್ಲ. ಆದರೆ ತಾವು ಬೆಳೆದ ಬಸಳೆ ವಾರಕ್ಕೊಮ್ಮೆ ಸಾಂಬಾರಿಗೆ ಬಿದ್ದಾಗ ತಟ್ಟೆಯ ಅಂಚಿಗೆ ಸರಿಸಿಡುವ ಸೊಪ್ಪು ಕಡಿಮೆಯಾಗುವುದನ್ನು ನಾನು ಕಂಡಿದ್ದೇನೆ. ಇದಕ್ಕೆ ಕಾರಣ ತೋಟಕ್ಕಿಂತ ಹೆಚ್ಚಾಗಿ ಆ ಶಾಲೆಯ ಅಡುಗೆಯಾಕೆ. ಕೊಯ್ಯುವ ದಿನ ಅವರೂ ಬಂದು ಎಳೆಯದು ಯಾವುದು, ಬಲಿತದ್ದು ಯಾವುದೆಂದು ಮಕ್ಕಳ ಕೈಹಿಡಿದು ತೋರಿಸುತ್ತಿದ್ದರು. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸುವುದು ಏಕೆಂದು ನಾನು ಸಯನೈಡಿನ ವಿವರ ಹೇಳಿದರೆ, ಆಕೆ ನೀರಿನ ವಾಸನೆಯಿಂದಲೇ ಆಯಿತೋ ಇಲ್ಲವೋ ಹೇಳುತ್ತಿದ್ದರು. ಶಾಲಾ ತೋಟದ ಸಮಿತಿ ಮಾಡುವಾಗ ಎಲ್ಲರ ಹೆಸರೂ ಇರುತ್ತದೆ, ಅಡುಗೆಯವರ ಹೆಸರು ಇರುವುದಿಲ್ಲ. ಈ ಸಭೆಗೂ ಅವರನ್ನು ಕರೆದಿಲ್ಲವೆಂದು ಸಂಘಟಕರಿಗೆ ವಿನಯದಿಂದ ನೆನಪಿಸುತ್ತೇನೆ.

ಪೋಷಕರಲ್ಲಿ ಕೆಲವರು ಬಹಿರಂಗವಾಗಿ ಕೇಳಿದ್ದಾರೆ: ‘ಗುದ್ದಲಿ ಹಿಡಿಯುವುದು ತಪ್ಪಲೆಂದು ಶಾಲೆಗೆ ಕಳಿಸುತ್ತೇವೆ, ನೀವು ಅಲ್ಲಿಯೂ ಗುದ್ದಲಿ ಕೊಡುತ್ತೀರಿ.’ ಈ ಪ್ರಶ್ನೆ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣವೆಂಬ ನಯೀ ತಾಲೀಮನ್ನು ಮುಂದಿಟ್ಟಾಗಲೂ ಮಕ್ಕಳ ದುಡಿಮೆಯಿಂದ ಶಾಲೆ ನಡೆಸುವುದೇ ಎಂಬ ಆಕ್ಷೇಪ ಎದ್ದಿತ್ತು. ನನ್ನ ಅನುಭವದಲ್ಲಿ ಈ ಮಾತನ್ನು ಹೆಚ್ಚಾಗಿ ಆಡುವವರು ಬೇರೆಯವರ ತೋಟದಲ್ಲಿ ದಿನಗೂಲಿಗೆ ದುಡಿದವರು. ಅವರಿಗೆ ಶ್ರಮದ ಮಹತ್ವದ ಬಗ್ಗೆ ಉಪದೇಶ ಮಾಡುವ ಹಕ್ಕು ನಮಗಿಲ್ಲ. ತಡವಾಗಿ ಬಂದವರಿಗೆ ಕಳೆ ಕೀಳುವ ಶಿಕ್ಷೆ ಕೊಡುವ ಶಾಲೆಗಳಿವೆ. ಗೊಬ್ಬರದ ಗುಂಡಿಯ ಕೆಲಸ ಪ್ರತಿಸಲವೂ ಅದೇ ಕೇರಿಯ ಮಕ್ಕಳ ಪಾಲಿಗೆ ಬರುವ ಶಾಲೆಯನ್ನೂ ನೋಡಿದ್ದೇನೆ. ಅಂತಹ ಕಡೆ ತೋಟವಿಲ್ಲದಿರುವುದೇ ಒಳ್ಳೆಯದು. ನಾವು ಪಾಳಿಯನ್ನು ಚೀಟಿ ಎತ್ತಿ ನಿರ್ಧರಿಸುತ್ತೇವೆ, ಶಿಕ್ಷಕರ ಹೆಸರಿನ ಚೀಟಿಯೂ ಅದರಲ್ಲಿರುತ್ತದೆ. ವಾರಕ್ಕೆ ಎರಡು ಗಂಟೆ ಮೀರುವುದಿಲ್ಲ. ಕೆಲಸ ಮುಗಿದ ಮೇಲೆ ಕಂಡದ್ದನ್ನು ಬರೆಯದೆ, ಅಳೆಯದೆ ಏಳುವಂತಿಲ್ಲ. ಬರೆಯದೆ ಬಿಟ್ಟರೆ ಉಳಿಯುವುದು ಬರಿಯ ಕೂಲಿ.

ಇಲ್ಲಿಯವರೆಗೆ ಹೇಳಿದ್ದು ಸಂತೋಷದ ಮಾತು. ಮಂಗನ ಕಾಯಿಲೆಯ ಬಗ್ಗೆ ಮಾತನಾಡದೆ ಮಲೆನಾಡಿನಲ್ಲಿ ಮಕ್ಕಳು ಮತ್ತು ಪ್ರಕೃತಿ ಎಂಬ ವಿಷಯವನ್ನು ಮುಗಿಸಲಾಗದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಉಣುಗಿನ ಮೂಲಕ ಹರಡುತ್ತದೆ. ನವೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಲ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ನಡೆದ ಸಾವುಗಳನ್ನು ಇಲ್ಲಿರುವ ಹಲವರು ಹತ್ತಿರದಿಂದ ಕಂಡಿದ್ದೀರಿ. ಆ ವರ್ಷದವರೆಗೆ ನಾನು ಜನವರಿಯಲ್ಲಿ ಮಕ್ಕಳನ್ನು ಕಾಡು ಸುತ್ತಲು ಕರೆದೊಯ್ಯುತ್ತಿದ್ದೆ. ಅದಕ್ಕಿಂತಲೂ ಹೆಚ್ಚಿನ ಅವಿವೇಕವೆಂದರೆ, ಮಡಿಗಳಿಗೆ ಮುಚ್ಚಿಗೆ ಹಾಕಲು ಪ್ರತಿ ಮಗುವೂ ಒಂದು ಚೀಲ ತರಗೆಲೆ ತರಬೇಕೆಂದು ಹೇಳುತ್ತಿದ್ದೆ. ಉಣುಗಿನ ಮರಿಗಳಿರುವುದು ಆ ತರಗೆಲೆಯ ಹಾಸಿನಲ್ಲಿಯೇ. ಆ ಋತುವಿನಲ್ಲಿ ಯಾವ ಮಗುವಿಗೂ ಏನೂ ಆಗಲಿಲ್ಲವೆಂಬುದು ನನ್ನ ಜಾಣತನವಲ್ಲ, ಅದೃಷ್ಟ. ಈಗ ನಮ್ಮ ಕಾಡು ಸುತ್ತಾಟವೆಲ್ಲ ಜೂನ್‌ನಿಂದ ಅಕ್ಟೋಬರಿನೊಳಗೆ. ಮುಚ್ಚಿಗೆಗೆ ಶಾಲೆಯ ಅಂಗಳದ ಹುಲ್ಲು ಮತ್ತು ಬತ್ತದ ಹುಲ್ಲು ಸಾಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹಿರಿಯರ ಮೂಲಕ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬುದನ್ನು ಮಕ್ಕಳಿಗೆ ಮೊದಲ ಪಾಠದಲ್ಲಿಯೇ ಹೇಳುತ್ತೇವೆ. ಕಾಡಿನ ಬಗ್ಗೆ ಪ್ರೀತಿ ಹುಟ್ಟಿಸಬೇಕೆಂದಿರುವ ನಮ್ಮಂಥವರಿಗೆ ವರ್ಷದ ಅರ್ಧಭಾಗ ‘ಕಾಡಿಗೆ ಹೋಗಬೇಡಿ’ ಎನ್ನುವುದು ಎಷ್ಟು ನೋವಿನ ಮಾತೆಂದು ನಿಮಗೆ ಗೊತ್ತು. ಆ ತಿಂಗಳುಗಳಲ್ಲಿ ಮಕ್ಕಳಿಗೆ ಉಳಿಯುವ ನೆಲ ಬೇಲಿಯೊಳಗಿನ ಆ ಒಂದು ಗುಂಟೆ. ಅದನ್ನು ನಾನು ಮೊದಲಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಲು ಇದೇ ಕಾರಣ.

ವ್ಯವಹಾರದ ಒಂದೆರಡು ಮಾತು. ಜೂನ್‌ನಲ್ಲಿ ಸಮತಟ್ಟಾದ ಮಡಿಯಲ್ಲಿ ಸಣ್ಣ ಬೀಜ ಬಿತ್ತಬೇಡಿ, ಮಳೆ ಕೊಚ್ಚಿಕೊಂಡು ಹೋಗುತ್ತದೆ. ಏರಿ ಮಾಡಿ ಸೌತೆ, ಹಾಗಲ, ಬೆಂಡೆ, ಕುಂಬಳ ಹಾಕಿ. ಬಸಳೆ, ಕೆಸು, ಅರಿಶಿನಕ್ಕೆ ಮಳೆಯ ಭಯವಿಲ್ಲ. ಹರಿವೆ, ಮೂಲಂಗಿ, ಬದನೆ, ಅವರೆ ದಸರಾ ರಜೆಯ ನಂತರಕ್ಕಿರಲಿ. ನುಗ್ಗೆಯನ್ನು ನೀರು ನಿಲ್ಲುವ ಕಡೆ ನೆಟ್ಟು ಕೊಳೆಸಬೇಡಿ. ನಮ್ಮ ಜಂಬಿಟ್ಟಿಗೆ ಮಣ್ಣಿನ ಸುಣ್ಣದಂಶವನ್ನು ಮಳೆ ತೊಳೆದುಬಿಡುವುದರಿಂದ ಒಲೆಯ ಬೂದಿಯನ್ನು ಚೆಲ್ಲದೆ ಹಿಡಿಹಿಡಿಯಾಗಿ ಹಾಕಿ. ಮಾರ್ಚ್ ಕೊನೆಗೆ ತೋಟ ಮುಗಿಸಿಬಿಡಿ. ಬೇಸಿಗೆ ರಜೆಯಲ್ಲಿ ಯಾರೋ ನೀರು ಹಾಕುತ್ತಾರೆಂದು ನಂಬಿದ ತೋಟಗಳೆಲ್ಲ ಒಣಗಿವೆ. ಮಂಗಗಳಿಗೆ ನನ್ನಲ್ಲಿ ಪರಿಹಾರವಿಲ್ಲ. ಅವು ಮುಟ್ಟದ ಅರಿಶಿನವನ್ನು ಹೊರ ಅಂಚಿಗೂ ಕುಂಬಳವನ್ನು ಶಾಲೆಯ ಗೋಡೆಯ ಬಳಿಗೂ ಹಾಕುತ್ತೇವೆ, ಆದರೂ ಪಾಲು ಕೊಡುತ್ತೇವೆ.

ಕೊನೆಯದಾಗಿ ಈ ಚೀಲದ ವಿಷಯ. ನಾನು ಮೊದಲು ತೋಟ ಮಾಡಿದ ಆ ಶಾಲೆಯಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಯೂರಿಯಾ ಹಾಕಿದ ಹುಡುಗನ ತಂಗಿ ಕೊನೆಯ ತಂಡದಲ್ಲಿದ್ದಳು. ಎರಡು ವರ್ಷಗಳ ಹಿಂದೆ ಉಳಿದ ಮಕ್ಕಳನ್ನು ಐದು ಕಿಲೋಮೀಟರ್ ದೂರದ ಶಾಲೆಗೆ ಸೇರಿಸಿ ಬಾಗಿಲಿಗೆ ಬೀಗ ಹಾಕಲಾಯಿತು. ಅಡುಗೆಯಾಕೆ ಬೀಗ ಬೀಳುವ ಮೊದಲು ಕುಂಬಳದ ಬೀಜಗಳನ್ನು ತೊಳೆದು ಸಗಣಿಯಲ್ಲಿ ತಟ್ಟಿ ತಮ್ಮ ಮನೆಯ ಗೋಡೆಗೆ ಅಂಟಿಸಿಟ್ಟರು. ಕಳೆದ ವಾರ ಅವನ್ನು ಬಿಡಿಸಿ ನನ್ನ ಕೈಗೆ ಕೊಟ್ಟಿದ್ದಾರೆ. ಮೇಜಿನ ಮೇಲಿವೆ, ಪ್ರತಿ ಶಾಲೆಗೆ ಆರು ಬೀಜ. ಒಂದೊಂದು ಗುಣಿಗೆ ಎರಡು ಬೀಜ ಹಾಕಿ. ಹತ್ತಿರದಲ್ಲಿ ಬೇರೆ ತಳಿಯ ಕುಂಬಳವಿದ್ದರೆ ಜೇನು ಬೆರೆಸಿಬಿಡುತ್ತದೆ, ಬೀಜಕ್ಕೆಂದು ಬಿಡುವ ಹೂವಿಗೆ ಹಿಂದಿನ ಸಂಜೆಯೇ ಚೀಲ ಕಟ್ಟಬೇಕು. ಹೇಗೆಂದು ಮಕ್ಕಳಿಗೆ ತೋರಿಸಲು ಯಾರಾದರೂ ಕರೆದರೆ ಬೆಳಿಗ್ಗೆ ಆರೂವರೆಗೆ ಬರುತ್ತೇನೆ.